ಮುಂಗಡ ಚೀಟಿ

ಟಲ್ಸಾ ಊರಿನ ಗಿರವಿ ಅಂಗಡಿ, ಸಂಜೆ ಐದೂವರೆ.
ಗಿಟಾರು, ಡ್ರಿಲ್ಲು, ಯಾರದೋ ಮದುವೆಯುಂಗುರ ದಾಟಿ
ಕೊನೆಯ ಗಾಜಿನ ಖಾನೆಯೆದುರು ನಿಂತಳು ಲೊರೀನ್,
ಆಸ್ಪತ್ರೆಯ ನೀಲಿ ಅಂಗಿಯಲ್ಲೇ.

"ಮುನ್ನೂರರೊಳಗೆ. ಸೊಂಟದಲ್ಲಿದ್ದರೂ ಕಾಣಬಾರದು."

ಕಾಸಿಗೆ ತಕ್ಕ ಕಜ್ಜಾಯ, ಆದರೆ ಬಾಯಿಬಿಡಲಿಲ್ಲ ನಾನು.
ಇದ್ದುದರಲ್ಲಿ ಚಿಕ್ಕದನ್ನು ತೆಗೆದೆ,
ಗುಂಡಿಲ್ಲವೆಂದು ಎರಡೆರಡು ಸಲ ತೋರಿಸಿ ಕೊಟ್ಟೆ.
ಎರಡೂ ಅಂಗೈ ಜೋಡಿಸಿ ಇಸಿದುಕೊಂಡಳು.
"ದಿನ ತುಂಬದೆ ಹುಟ್ಟಿದವು
ಇಷ್ಟೇ ಭಾರ ಇರ್ತವೆ ನಮ್ಮ ವಾರ್ಡಲ್ಲಿ."

ಹಿಡಿಯಲ್ಲಿ ಕಿರುಬೆರಳಿಗೆ ಜಾಗವಿರಲಿಲ್ಲ.
ಚಿಕ್ಕದಾದಷ್ಟೂ ಒದೆತ ಜಾಸ್ತಿ, ಅಂದೆ.
"ಗೊತ್ತು," ನಕ್ಕಳು.

ಪಾರ್ಕಿಂಗ್ ಕಟ್ಟಡದ ನಾಲ್ಕನೇ ಮಹಡಿ,
ತಿಂಗಳಿಂದ ಉರಿಯದ ದೀಪ.
ಅಷ್ಟೇ ಹೇಳಿದಳು.
ಮಿಕ್ಕದ್ದನ್ನು ಕೇಳುವ ಪದ್ಧತಿ ಈ ಅಂಗಡಿಯಲ್ಲಿಲ್ಲ.

ಒರೆ, ಗುಂಡು, ಶನಿವಾರದ ತರಬೇತಿ
ಕೂಡಿಸುತ್ತ ಹೋದಂತೆ ಮುನ್ನೂರು ನಾನೂರೈವತ್ತಾಯಿತು.
ಐದರ ಆರು ನೋಟು ಎಣಿಸಿಟ್ಟಳು.
ಉಳಿದದ್ದು ಸಂಬಳದ ಶುಕ್ರವಾರಗಳಿಗೆ.

ನಾನು ಕೊಟ್ಟ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ
ಬಲಸೊಂಟಕ್ಕೆ ಸಿಕ್ಕಿಸಿ, ಅಂಗಿ ಇಳಿಬಿಟ್ಟು
ಮಾರಾಟಕ್ಕಿದ್ದ ನಿಲುಗನ್ನಡಿಯೆದುರು
ಓರೆಯಾಗಿ ತಿರುಗಿದಳು.

"ಕಾಣ್ತದಾ?"

ಇಲ್ಲ, ಅಂದೆ.