ಮೂರು ಸುತ್ತು

ಭಾನುವಾರ. ತಣ್ಣೀರುಹಳ್ಳದ ಮನೆ. ಟೀವಿ ತುಂಬ ಹೊಗೆ.
ನೀಲಿ ರೋಬೋ ಬಲಗೈ ಕಿತ್ತು ಮಂಡಿಯೂರಿದೆ,
ಎದೆಯ ದೀಪ ಮಿಣಮಿಣ.
ಎದುರಿಗೆ ಖಳ, ನೀರಿನ ಟ್ಯಾಂಕಿನಷ್ಟು ಎತ್ತರ,
ನಗುವುದಕ್ಕೆಂದೇ ಗಂಟಲಿಗೆ ಸ್ಪೀಕರು ಕಟ್ಟಿಸಿಕೊಂಡವನು.
ಆಗ ಎಲ್ಲಿಂದಲೋ ಹಳದಿ ಟೋಪಿಯ ಪೋರನೊಬ್ಬ
ಸ್ಕೂಲ್ ಬ್ಯಾಗಿನ ಸಮೇತ ಅವನ ಬೆನ್ನು ಹತ್ತಿ
ಒಂದು ಕೆಂಪು ವೈರು ಎಳೆದ.
ಅಷ್ಟೆ. ಖಳ ಧೊಪ್ಪೆಂದ.

"ಮೋಸ ಇದು," ಎಂದಳು ಚಾರ್ವಿ. ಹನ್ನೆರಡು ವರ್ಷ,
ಅನ್ಯಾಯಕ್ಕೆ ಪೈಸೆ ಪೈಸೆ ಲೆಕ್ಕ ಇಡುವ ವಯಸ್ಸು.
"ಇಪ್ಪತ್ತು ನಿಮಿಷ ಒದೆ ತಿಂದಿದ್ದು ರೋಬೋ.
ಇವನು ಕಿರುಚಿದ್ದು ಬಿಟ್ಟು ಏನು ಮಾಡಿದ?
ಒಂದು ವೈರಿಗೆ ಬೀಳೋನಾದ್ರೆ
ಅವನನ್ನ ನೋಡಿ ನಾವ್ಯಾಕೆ ಹೆದರಬೇಕಿತ್ತು?"

ತಮ್ಮನ ಮಗ ಪ್ರಣೀತನಿಗೆ ಏಳು. ಬಾಯಲ್ಲಿ ದೋಸೆ.
"ಅವನು ಚಿಕ್ಕೋನು ಕಣೇ," ಎಂದ,
ವಾದ ಅಲ್ಲಿಗೆ ಮುಗಿಯಿತು ಎಂಬಂತೆ.
ನುಂಗಿದ ಮೇಲೆ ಇನ್ನೊಂದು ಸೇರಿಸಿದ:
"ಅವನಿಗೆ ರೋಬೋ ಅಂದ್ರೆ ಇಷ್ಟ."

ಇಬ್ಬರೂ ನನ್ನತ್ತ ತಿರುಗಿದರು, ತೀರ್ಪಿಗೆ.
ನಾನು ಅರ್ಧ ಈರುಳ್ಳಿಯಿಂದ ಕಾವಲಿ ಒರೆಸುತ್ತಿದ್ದೆ,
ಒರೆಸಿದ್ದನ್ನೇ ಒರೆಸುತ್ತಿದ್ದೆ.

ಬಿ.ಎಂ. ರಸ್ತೆಯ ಬದಿಗಿತ್ತು ಅಪ್ಪನ ಗ್ಯಾರೇಜು.
ತಗಡಿನ ಮಾಡು, ಡೀಸೆಲ್ ಕುಡಿದು ಕಪ್ಪಾದ ನೆಲ.
ರಜೆಯಲ್ಲಿ ನಾನು ಸ್ಪ್ಯಾನರ್ ಕೊಡುವವಳು.
ಹದಿಮೂರು ಕೇಳಿದಾಗ ಹದಿನಾಲ್ಕು ಕೊಟ್ಟರೆ
ಲಾರಿಯಡಿಯಿಂದ ಬರಿಯ ಅಂಗೈ, ಸುಮ್ಮನೆ ಚಾಚಿಕೊಂಡೇ ಇರುವುದು.

ಒಂದು ರಾತ್ರಿ ಮಂಗಳೂರಿಗೆ ಹೊರಟ ಆಲೂಗಡ್ಡೆ ಲಾರಿ
ನಮ್ಮ ಬಾಗಿಲಿಗೆ ಬಂದು ಕೂತೇಬಿಟ್ಟಿತು.
ಇಂಜಿನ್ನಿನ ಹಿಂದೆ, ಕೈ ಹೋಗದ ಸಂದಿನಲ್ಲಿ, ಒಂದು ಬೋಲ್ಟು.
ತುಕ್ಕು ಅದನ್ನು ಬೆಸೆದೇ ಹಾಕಿತ್ತು.
ಹತ್ತರಿಂದ ಎರಡರವರೆಗೆ ಅಪ್ಪ ಅಂಗಾತ ಮಲಗಿದ್ದ.
ಸೀಮೆಎಣ್ಣೆ ಬಿಟ್ಟ. ಬೈದ. ಗೆಣ್ಣು ಒಡೆದುಕೊಂಡ.
ಹೊರಗೆ ಬಂದು ಬೀಡಿ ಹಚ್ಚಿ, ಸೇದದೆ, ಮತ್ತೆ ಒಳಗೆ ಹೋದ.
ಡ್ರೈವರ್ ಸಿದ್ದೀಕ್ ಸಾಬರು ಟಾರ್ಚ್ ಹಿಡಿದು
ನಿಂತಲ್ಲೇ ತೂಕಡಿಸುತ್ತಿದ್ದರು; ಬೆಳಕು
ಒಮ್ಮೆ ಚಕ್ರದ ಮೇಲೆ, ಒಮ್ಮೆ ಬೇವಿನ ಮರದ ಮೇಲೆ.

"ನಿನ್ನ ಕೈ ಸಣ್ಣದು. ಹೋಗು," ಎಂದ ಅಪ್ಪ.

ನುಗ್ಗಿದೆ. ಮೊಣಕೈವರೆಗೆ ಗ್ರೀಸು. ತಿರುಗಿಸಿದೆ.
ಹಾಲುಹಲ್ಲಿನ ಹಾಗೆ ಅಂಗೈಗೆ ಬಿತ್ತು.
ಸಿದ್ದೀಕ್ ಸಾಬರು ಚೀಲದ ಬಾಯಿ ಬಿಚ್ಚಿ
ಲಂಗದ ಮಡಿಲಿಗೆ ಐದು ಆಲೂಗಡ್ಡೆ ಹಾಕಿದರು.
ಬೆಳಗಾಗುವಷ್ಟರಲ್ಲಿ ಡೈರಿ ಸರ್ಕಲ್‌ವರೆಗೂ ಸುದ್ದಿ:
ಮೇಸ್ತ್ರಿ ಕೈಲಾಗದ್ದು ಮಗಳ ಕೈಲಾಯ್ತು.

ಯಾರಿಗೂ ಹೇಳದ ಮಾತೊಂದಿದೆ.
ನನ್ನ ಬೆರಳು ತಾಗುವ ಮೊದಲೇ
ಬೋಲ್ಟಿನ ತಲೆ ಉಗುರಿನಷ್ಟು ಮೇಲೆದ್ದಿತ್ತು.
ಮೂರು ಸುತ್ತು. ಕತ್ತಲಲ್ಲೂ ಗೊತ್ತಾಯಿತು.
ಅಪ್ಪನಿಗೆ ಗೊತ್ತಿತ್ತೋ,
ಸೋತ ಕೈಗೆ ತಾನು ಗೆದ್ದದ್ದು ತಿಳಿಯಲಿಲ್ಲವೋ,
ಕೇಳಲಿಲ್ಲ. ಕೇಳಬಹುದಾಗಿದ್ದ ಹನ್ನೊಂದು ವರ್ಷ
ಇಬ್ಬರೂ ಎದುರುಬದುರು ಊಟ ಮಾಡಿದೆವು.

ಈಗ ನಾನು ಬಸ್ ಡಿಪೋದಲ್ಲಿ. ಖಾಕಿ ಅಂಗಿ,
ನನ್ನದೇ ಹೆಸರು ಬರೆದ ಸ್ಪ್ಯಾನರ್ ಪೆಟ್ಟಿಗೆ.
ಮೊಂಡು ಬೋಲ್ಟು ಸಿಕ್ಕಿದರೆ ಎಲ್ಲರೂ ನನ್ನನ್ನೇ ಕೂಗುತ್ತಾರೆ.
ಗೆಲುವು ಅಂದೇ ಸಿಕ್ಕಿತ್ತು, ಸಾಲದ ಮೇಲೆ.
ಅರ್ಹತೆಯನ್ನು ಕಂತು ಕಂತಾಗಿ ಕಟ್ಟುತ್ತಿದ್ದೇನೆ.
ಬಡ್ಡಿ ತೀರಿದೆ ಅನ್ನಿಸುತ್ತದೆ ಕೆಲವು ದಿನ.
ಕೆಲವು ದಿನ ಇಲ್ಲ.

"ಅತ್ತೆ, ಹೇಳಿ."
"ಅಮ್ಮ, ಹೇಳು."
"ಆ ವೈರು," ಎಂದೆ, "ಅವನು ಎಳೆಯೋಕೆ ಮೊದಲೇ
ಸ್ವಲ್ಪ ಕಿತ್ತಿತ್ತಾ, ನೋಡಿದ್ರಾ?"

ರಿಮೋಟು ಹಿಂದಕ್ಕೆ ಓಡಿತು. ಖಳ ಎದ್ದು ನಿಂತ.
ಪೋರ ಬೆನ್ನಿಂದ ಹಿಮ್ಮುಖ ಇಳಿದ.
ರೋಬೋನ ಕಿತ್ತ ಕೈ ಹಾರಿ ಬಂದು ಹೆಗಲಿಗೆ ಕೂತಿತು.
ಪ್ರಣೀತ ಪರದೆಗೆ ಮೂಗು ತಾಗಿಸಿದ್ದಾನೆ.
ಆ ನೀಲಿ ಬೆರಳು ಖಳನ ಬೆನ್ನಿಗೆ ತಾಗುವ ಹೊತ್ತಿಗೆ ಸರಿಯಾಗಿ
ಹೊಗೆ ಅಡ್ಡ ಬರುತ್ತದೆ.

"ಇನ್ನೊಂದ್ಸಲ ಹಾಕು," ಎನ್ನುತ್ತಾಳೆ ಚಾರ್ವಿ.