ತಟ್ಟೆಯ ಅಂಚಿನಲ್ಲಿ

ಐಸು ಇನ್ನೂ ಬಂದಿಲ್ಲ, ಉಂಬೆಲಿನಾ, ಕೂತುಕೋ.
ಲಾರಿ ಬರುವಷ್ಟರಲ್ಲಿ ಹೇಳಿ ಮುಗಿಸುತ್ತೇನೆ.
ನಿನಗೂ ಮಗನಿದ್ದಾನೆ, ಮೊನ್ನೆ ಹುಟ್ಟುಹಬ್ಬಕ್ಕೆ
ನೀನೂ ಒಂದು ಫೋನು ಕೊಡಿಸಿದೆ.

ನನ್ನ ಇರಿಯಾಳ ಆಟ ಗೊತ್ತಲ್ಲ, ಕುದುರೆ ಸಾಕುವುದು.
ಪರದೆಯ ಮೇಲೆ ಹುಲ್ಲು ಹಾಕಬೇಕು, ಬಾಲ ಬಾಚಬೇಕು,
ಲಾಳ ಸವೆದರೆ ಬದಲಿಸಬೇಕು.
ಸೆತುಬಾಲ್‌ನ ಮೂರನೇ ಮಹಡಿಯಲ್ಲಿ
ಬೆಕ್ಕನ್ನೂ ಸಾಕಲಾಗದ ನಾವು
ಕುದುರೆ ಬೇಡ ಅನ್ನುವುದು ಹೇಗೆ?

ಲಾಯದ ಬೇಲಿಯಾಚೆ ಒಬ್ಬ ಬಂದನಂತೆ.
ಹದಿಮೂರು ವರ್ಷ ಅಂದನಂತೆ. ಅವನದೂ ಕಂದು ಕುದುರೆ.
ಮೊದಲ ವಾರ ಬರೀ ಹುಲ್ಲಿನ ಮಾತು.
ಆಮೇಲೆ, ನಿನ್ನ ಕಿಟಕಿಯಿಂದ ಏನು ಕಾಣುತ್ತೆ?
ದೋಣಿ, ಅಂತ ಬರೆದಳು ಇವಳು.
ತ್ರೋಯಾಗೆ ಹೋಗುವ ಫೆರಿ. ಹಳದಿ ಕ್ರೇನು.
ಅಮ್ಮ ಎಷ್ಟು ಹೊತ್ತಿಗೆ ಕೆಲಸಕ್ಕೆ ಹೋಗ್ತಾಳೆ?
ಮೂರಕ್ಕೆ.
ಬೆಳಗಿನ ಜಾವ ಮೂರಕ್ಕೆ, ಎಂದು ಬಿಡಿಸಿ ಬರೆದಿದ್ದಳು,
ಮಧ್ಯಾಹ್ನ ಅಂದುಕೊಂಡಾನು ಎಂದು.
ನನ್ನ ಮಗಳು, ಬಲು ಅಚ್ಚುಕಟ್ಟು.

ನನಗೆ ಗೊತ್ತಾದದ್ದು ಗುರುವಾರ ರಾತ್ರಿ.
ಬೂತಾಯಿ ಸುಟ್ಟಿದ್ದೆ. ತಟ್ಟೆಯನ್ನೇ ನೋಡುತ್ತ ಕೇಳಿದಳು:
"ಅಮ್ಮನಿಗೆ ಹೇಳಬೇಡ ಅಂತ ಯಾರಾದರೂ ಹೇಳಿದರೆ
ಅದನ್ನ ಅಮ್ಮನಿಗೆ ಹೇಳಬಹುದಾ?"

ನನ್ನ ಬೆರಳು ಅವಳ ಮೀನಿನೊಳಗಿತ್ತು.
ನಿನಗೂ ಇದೆ ಆ ಅಭ್ಯಾಸ: ಮಗುವಿನ ತುತ್ತನ್ನು
ಎರಡು ಬೆರಳಲ್ಲಿ ಒತ್ತಿ, ಕುರುಡರಂತೆ ತಡವಿ,
ಕೂದಲಿಗಿಂತ ಸಣ್ಣ ಮುಳ್ಳನ್ನೂ ಹೆಕ್ಕುವುದು.
ಹತ್ತು ವರ್ಷ ಹೆಕ್ಕಿದ್ದೇನೆ. ಒಂದೂ ಗಂಟಲಿಗಿಳಿದಿಲ್ಲ.
ಈ ಮುಳ್ಳು ಯಾವ ಬೆರಳಿಗೆ ಸಿಕ್ಕೀತು?

ಆಗ ಏನನ್ನಿಸಿತು ಹೇಳಲಾ?
ಆ ಹಲಗೆಯನ್ನೆತ್ತಿ ಉಪ್ಪುನೀರಿನ ಬಕೆಟ್ಟಿಗೆ ಹಾಕಬೇಕು,
ಇವಳ ಕೆನ್ನೆಗೆ ಎರಡು ಬಿಗಿಯಬೇಕು,
ಆ ಹದಿಮೂರರವನನ್ನು ಹುಡುಕಿ ತಂದು
ಮೀನಿನ ಹೊಟ್ಟೆ ಸೀಳುವ ಚೂರಿಯಲ್ಲಿ... ಹೋಗಲಿ ಬಿಡು.

ಬೈದರೆ, ಉಂಬೆಲಿನಾ,
ಮುಂದಿನ ಮುಳ್ಳನ್ನು ಮಗು ನುಂಗಿಬಿಡುತ್ತದೆ.
ಸದ್ದಿಲ್ಲದೆ, ಮೇಲಿಷ್ಟು ನೀರು ಕುಡಿದು.

ಹೇಳಬಹುದು, ಅಂದೆ. ಅದಕ್ಕೇ ಅಮ್ಮ ಇರೋದು.
ನನ್ನ ದನಿ ಬೇರೆ ಯಾರದೋ ಅನ್ನಿಸಿತು.
ಬೂತಾಯಿ ಆರಿತು. ಅವಳು ಹೇಳುತ್ತಾ ಹೋದಳು.

ಆಮೇಲೆ ಇಬ್ಬರೂ ಒಂದೇ ಕುರ್ಚಿಯಲ್ಲಿ ಕೂತೆವು.
ನನ್ನ ಬೆರಳನ್ನು ಆ ಪರದೆ ಗುರುತಿಸುವುದೇ ಇಲ್ಲ.
ಉಪ್ಪು, ಐಸು, ಇಪ್ಪತ್ತು ವರ್ಷದ ಹುರುಪೆ, ಗೆರೆಗಳೇ ಸವೆದಿವೆ.
ಹಾಗಾಗಿ ಬೆರಳು ಅವಳದು, ಕಣ್ಣು ನನ್ನದು.
ಅಳಿಸಬೇಡಿ, ಮೊದಲು ಫೋಟೊ ಹಿಡಿದಿಡಿ, ಪೊಲೀಸರಿಗೆ ಬೇಕು,
ಅಂದಳು ಮೇಲಿನ ಮನೆಯ ದೇವೊಲಿಂದಾ.
ಹಿಡಿದೆವು. ದೂರು ಕೊಟ್ಟೆವು. ಅವನಿಗೆ ಬಾಗಿಲು ಹಾಕಿದಳು.
ನಾವಿರುವ ಜಾಗ ತೋರಿಸುವ ಚುಕ್ಕಿಯನ್ನು ಆರಿಸಿದಳು.
ಇಷ್ಟು ದಿನ ಅದು ನಮ್ಮ ಛಾವಣಿಯ ಮೇಲೆ
ನೀಲಿಯಾಗಿ ಮಿನುಗುತ್ತಿತ್ತಂತೆ, ನನಗೇ ಗೊತ್ತಿಲ್ಲ.
ಗುರುತಿಲ್ಲದವರು ಬೇಲಿಯ ಹತ್ತಿರ ಬರದ ಹಾಗೆ
ಎಲ್ಲೋ ಆಳದಲ್ಲಿ ಒಂದು ಗುಂಡಿ ಇತ್ತು, ಒತ್ತಿದಳು.
"ಕುದುರೆ?" ಅಂದಳು.
ಇರಲಿ, ಅಂದೆ. ಕುದುರೆಯದೇನು ತಪ್ಪು?

ಹದಿನೈದು ದಿನವಾಯಿತು. ಪೊಲೀಸರು ಬರೆದುಕೊಂಡಿದ್ದಾರೆ.
ರಾತ್ರಿ ಆ ಹಲಗೆ ರೊಟ್ಟಿ ಡಬ್ಬದ ಪಕ್ಕ ಮಲಗುತ್ತದೆ,
ಪಕ್ಕದಲ್ಲಿ ನನ್ನ ಫೋನೂ. ಅದು ಅವಳ ಷರತ್ತು.
ಮೂರಕ್ಕೆ ದೇವೊಲಿಂದಾ ಕೆಳಗಿಳಿದು ಬಂದು
ನಮ್ಮ ಸೋಫಾದಲ್ಲಿ ಗೊರಕೆ ಹೊಡೆಯುತ್ತಾಳೆ.
ಆದರೂ ಬೀದಿಗಿಳಿದು ಹಿಂತಿರುಗಿ ನೋಡುತ್ತೇನೆ,
ಕಿಟಕಿಯಿಂದ ಏನು ಕಾಣುತ್ತದೆ ಅಂತಲ್ಲ,
ಕಿಟಕಿ ಯಾರಿಗೆಲ್ಲ ಕಾಣುತ್ತದೆ ಅಂತ.

ನಿನ್ನೆ ಅವಳ ಮೀನಿಗೆ ಕೈ ಹಾಕಹೋದೆ.
ಬೇಡ, ನಾನೇ, ಅಂದಳು.
ನಿಧಾನವಾಗಿ ಅಗಿದಳು. ತಡೆದಳು.
ನಾಲಿಗೆಯ ತುದಿಗೆ ತಂದು, ತೆಗೆದು,
ತಟ್ಟೆಯ ಅಂಚಿನಲ್ಲಿಟ್ಟಳು, ನನಗೆ ಕಾಣುವ ಹಾಗೆ.
ಒಂದು. ಸ್ವಲ್ಪ ಹೊತ್ತಿಗೆ ಇನ್ನೊಂದು.

ಲಾರಿ ಬಂತು ನೋಡು. ಏಳು, ಆ ಕಡೆ ಹಿಡಿ.
ಅಂದಹಾಗೆ, ನಿನ್ನ ಮಗ ಏನು ಸಾಕುತ್ತಿದ್ದಾನೆ?