ಗುಂಡಿ, ಜಿಪ್ಪು

ಎರಡು ವಾರದ ಕೂಲಿ ಬಾಕಿ ಇತ್ತು.
ಯಜಮಾನ ಯೂನಿಟ್ಟಿಗೆ ಬೀಗ ಹಾಕಿ ಗುಂತಕಲ್ಲಿಗೆ ಹೊರಟಿದ್ದ.
ರೊಕ್ಕ ಇಲ್ಲ ಎರ್ರೆಮ್ಮಾ, ಇವನ್ನ ತಗೊಂಡು ಹೋಗು, ಅಂದ.
ತಂತಿಯ ಪಂಜರ, ಒಳಗೆ ಎರಡು ಮೊಲ.
ಎರಡೂ ಗಂಡು, ತಾಪತ್ರಯ ಇಲ್ಲ.

ಕೌಲ್ ಬಜಾರಿನ ತನಕ ತೊಡೆಯ ಮೇಲಿಟ್ಟುಕೊಂಡು ಬಂದೆ.
ಆಟೋದವ ಕನ್ನಡಿಯಲ್ಲಿ ನೋಡಿ ಕೇಳಿದ:
ಕಿಲೋ ಎಷ್ಟಕ್ಕೆ ಕೊಟ್ರಕ್ಕಾ?
ಪಂಜರಕ್ಕೆ ಸೆರಗು ಹೊದಿಸಿದೆ.
ಅಷ್ಟೊತ್ತಿಗೇ ಅವು ನನ್ನವಾಗಿದ್ದವು, ನನಗೇ ತಿಳಿದಿರಲಿಲ್ಲ.

ಜೀನ್ಸು ಹೊಲಿಯುವವಳ ಮನೆಯಲ್ಲಿ ಮತ್ತ್ಯಾವ ಹೆಸರು?
ದುಂಡಗಿನದು ಗುಂಡಿ.
ಸರ್ರನೆ ಹೋಗಿ ಸರ್ರನೆ ಬರುವುದು ಜಿಪ್ಪು.
ಕತ್ತರಿಸಿ ಉಳಿದ ಚೂರುಗಳ ಮೇಲೆ ಮಲಗಿ ಮಲಗಿ
ಎರಡರ ಹೊಟ್ಟೆಯೂ ನೀಲಿ.
ಗಂಡ ಓಬಳೇಶ ಸಂಡೂರಿನ ಅದಿರು ಲಾರಿ ಇಳಿದು ಬಂದು
ಎತ್ತಿ ಮುದ್ದಾಡಿದರೆ ಬೆನ್ನು ಕೆಂಪು.
ಬಿಳಿ ಮೊಲ ಸಾಕಿದ್ದೇವೆ ಅಂದರೆ ಯಾರೂ ನಂಬಲಿಲ್ಲ.

ಏನೇನು ತಿಂದವು ಹೇಳಲೆ:
ಕೊತ್ತಂಬರಿ, ಅದರ ಕಟ್ಟಿನ ದಾರ,
ಮೆಷಿನ್ನಿನ ವೈರು ಎರಡು ಸಲ,
ರೇಷನ್ ಕಾರ್ಡಿನಲ್ಲಿ ಅತ್ತೆಯ ಹೆಸರಿದ್ದ ಮೂಲೆ.
(ಆಕೆ ತೀರಿ ಮೂರು ವರ್ಷ. ತೆಗೆಸಬೇಕು ಅಂತಲೇ ಇದ್ದೆ.)

ದನಿಯಿಲ್ಲದ ಜೀವ.
ಸಿಟ್ಟು ಬಂದರೆ ಹಿಂಗಾಲಲ್ಲಿ ನೆಲ ಗುದ್ದುವುದು,
ಖುಷಿಯಾದರೆ ಸಣ್ಣಗೆ ಹಲ್ಲು ಮಸೆಯುವುದು.
ಅದು ಕೇಳಬೇಕೆಂದರೆ ಮೆಷಿನ್ ನಿಲ್ಲಿಸಬೇಕು.
ನಿಲ್ಲಿಸುತ್ತಿದ್ದೆ.
ಪೀಸಿಗೆ ಹನ್ನೆರಡು ರೂಪಾಯಿಯವಳು
ದಿನಕ್ಕೆ ನಾಲ್ಕು ಸಲ ನಿಲ್ಲಿಸುತ್ತಿದ್ದೆ.

ಒಂದು ನಸುಕಿನಲ್ಲಿ ಗುಂಡಿ
ತನ್ನೆದೆಯ ತುಪ್ಪಳ ತಾನೇ ಕಿತ್ತು ಕಿತ್ತು ಮೂಲೆಗೆ ಒಯ್ಯುತ್ತಿತ್ತು.
ಹುಚ್ಚು ಹಿಡಿಯಿತೆಂದು ಹೆದರಿದೆ.
ಪಶು ಆಸ್ಪತ್ರೆಯ ಕಾಂಪೌಂಡರ್ ಗಾದಿಲಿಂಗಪ್ಪ
ಫೋನಿನಲ್ಲೇ ನಕ್ಕ: ಹುಚ್ಚಲ್ಲವ್ವಾ, ಬಾಣಂತನ.

ಐದು ಮರಿ. ಕಣ್ಣಿಲ್ಲ, ಕೂದಲಿಲ್ಲ,
ಹೆಬ್ಬೆರಳಿನಷ್ಟು ಉಸಿರು.
ಎರಡಕ್ಕೆ ಇರುವೆ ಮುತ್ತಿದವು. ಆ ಮಾತು ಬೇಡ.
ಒಂದು ಗಾದಿಲಿಂಗಪ್ಪನ ಮೊಮ್ಮಗಳಿಗೆ ಹೋಯಿತು,
ಒಂದು ಬ್ರೂಸ್‌ಪೇಟೆಯ ಮಾಬುನ್ನಿಗೆ, ಕಾಜಾ ಹೊಡೆಯುತ್ತಾಳಲ್ಲ, ಅವಳಿಗೆ.
ಮೂರನೆಯದನ್ನು ಕೇಳಿಕೊಂಡು ಬಂದವನ
ಚೀಲದಲ್ಲಿ ತಕ್ಕಡಿ ಕಂಡಿತು.
ಬಾಗಿಲು ಹಾಕಿದೆ.

ನಮ್ಮೂರಿಗೆ ಎರಡೇ ಕಾಲವಂತೆ, ಬೇಸಿಗೆ, ಕಡುಬೇಸಿಗೆ.
ನಗುವವರು ನಗಲಿ. ಮೊಲಕ್ಕೆ ಬೆವರಲು ಬಾರದು.
ಗುಡ್ಡದ ಬಂಡೆ ಹಗಲೆಲ್ಲ ಕುಡಿದ ಬಿಸಿಲನ್ನು
ರಾತ್ರಿ ನಮ್ಮ ತಗಡಿನ ಮೇಲೆ ಕಕ್ಕುತ್ತದೆ.
ಜೀನ್ಸು ನೆನೆಸಿ ಪಂಜರಕ್ಕೆ ಹೊದಿಸಿದೆ.
ಸೋಡಾ ಅಂಗಡಿಯ ಫ್ರಿಜ್ಜಿನಲ್ಲಿ ಬಾಟಲಿ ಗಡ್ಡೆಗಟ್ಟಿಸಿ ತಂದಿಟ್ಟೆ.
ಅದಕ್ಕೆ ಆತು ಮಲಗುವುದು ಗುಂಡಿ,
ಕಿವಿ ಎರಡೂ ಹಿಂದಕ್ಕೆ.

ಮೇ ತಿಂಗಳ ಒಂದು ಮಧ್ಯಾಹ್ನ ಕರೆಂಟು ಹೋಯಿತು.
ಆರ್ಡರ್ ಒಪ್ಪಿಸಲು ಹೋದವಳು ತಡ ಮಾಡಿದೆ.
ಎಷ್ಟು ತಡ? ಇಪ್ಪತ್ತು ನಿಮಿಷ.
ಲೆಕ್ಕದ ಮೇಸ್ತ್ರಿ ಚಾ ಕುಡಿಯುತ್ತಿದ್ದ.
ಹೊಸ್ತಿಲು ದಾಟುವಾಗ ಕೇಳಿಸಿತು.
ಎರಡು ವರ್ಷ ಸುಮ್ಮನಿದ್ದವಳು
ಒಂದೇ ಒಂದು ಸಲ ಕೂಗಿದಳು, ಕೂಸಿನ ದನಿಯಲ್ಲಿ.
ಎಲ್ಲಿಟ್ಟುಕೊಂಡಿದ್ದೆಯೇ ಅದನ್ನು?

ರಾತ್ರಿ ಹಳಿಯಾಚೆ ಓಬಳೇಶ ಹಾರೆ ಹಾಕಿದ.
ಗೇಣಿಗೇ ಕಲ್ಲು. ಪಕ್ಕದಲ್ಲೂ ಕಲ್ಲು.
ಮೂರನೇ ಕಡೆ ಮಣ್ಣು ಸಿಕ್ಕಿತು.
ರಿಜೆಕ್ಟಾದ ಪ್ಯಾಂಟಿನ ಒಂದು ಕಾಲು ಕತ್ತರಿಸಿ
ಅದರೊಳಗೆ ಮಲಗಿಸಿ ಎರಡೂ ಬಾಯಿ ಹೊಲಿದಿದ್ದೆ.
ಕೈ ನಡುಗಿದರೂ ಹೊಲಿಗೆ ನೇರ ಬಂದಿತ್ತು.
ಅದಕ್ಕೆ ನಾಚಿಕೆಯಾಯಿತು.

ಜಿಪ್ಪು ಒಂದು ದಿನ ಏನೂ ಮುಟ್ಟಲಿಲ್ಲ.
ಮರುದಿನ ನನ್ನ ವೈರು ತಿಂದ.
ಬೈದೆ. ಬೈಯುತ್ತಲೇ ಅಳು ಬಂತು.
ಮರಿ ಅವನ ಹೊಟ್ಟೆಯಡಿ ತೂರಿ ನನ್ನನ್ನೇ ನೋಡುತ್ತಿತ್ತು.

ಈಗಲೂ ಎಣ್ಣೆ ಬಿಡಲು ಬಾಬಿನ್ ಗೂಡು ಬಿಚ್ಚಿದಾಗ
ನೀಲಿ ಧೂಳಿನಲ್ಲಿ ಒಂದೆರಡು ಬಿಳಿ ಎಳೆ.
ಊದಿ ತೆಗೆಯಬೇಕು, ಇಲ್ಲವೆಂದರೆ ದಾರ ಸಿಕ್ಕುತ್ತದೆ.
ಮುಚ್ಚಿಡುತ್ತೇನೆ.
ಸಿಕ್ಕಲಿ.